ಪುಟ್ಟ ಕುದುರೆಗೆ ಗುರುವನ್ನು ಹುಡುಕುವ ಬಗೆ

(ಪೀಳಮೇಡಿನಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯನ್ನು ಏರಿದವರು ನಾಡು ನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ನಮ್ಮ ಕಾರ್ಯದರ್ಶಿಗಳು ನನ್ನಿಂದ ಬಯಸಿರುವುದು ಕುದುರೆಯ ವಿಷಯ. ಅದೂ ಪಂದ್ಯದಲ್ಲಿ ಓಡುವ ಎತ್ತರದ ಕುದುರೆಯಲ್ಲ, ನಮ್ಮ ಸೊಂಟದ ಮಟ್ಟಕ್ಕೂ ಬಾರದ ಪುಟ್ಟ ಕುದುರೆ. ವಿಷಯ ಸಣ್ಣದೆಂದು ತಾವು ನಗಬಹುದು. ನನ್ನ ಮಾತು ಮುಗಿಯುವ ವೇಳೆಗೆ ಅದು ಅಷ್ಟು ಸಣ್ಣದಲ್ಲವೆಂದು ತಮಗೆ ತೋರಿದರೆ ನನ್ನ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇನೆ.

ಇದಕ್ಕೆ ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳಬೇಕು. ನಮ್ಮ ಸಂಘದ ಕೆಲವು ತರುಣರು ಕೂಡಿ ಅಂದಿಯೂರಿನ ಜಾತ್ರೆಯಲ್ಲಿ ಒಂದು ಪುಟ್ಟ ಹೆಣ್ಣು ಕುದುರೆಯನ್ನು ಕೊಂಡು ತಂದಿದ್ದಾರೆ. ಮುಂದಿನ ನಾಡಹಬ್ಬದ ಮೆರವಣಿಗೆಯಲ್ಲಿ ಭುವನೇಶ್ವರಿಯ ಚಿತ್ರದ ಮುಂದೆ ಅದು ಗಂಭೀರವಾಗಿ ನಡೆಯಬೇಕು, ಮಕ್ಕಳ ಮುಂದೆ ನಾಲ್ಕು ಹೆಜ್ಜೆ ಹಾಕಬೇಕು, ಮುಂದೊಂದು ದಿನ ಪ್ರದರ್ಶನಗಳಲ್ಲಿಯೂ ನಿಲ್ಲಬೇಕು ಎಂಬುದು ಅವರ ಆಸೆ. ಒಳ್ಳೆಯ ಆಸೆಯೆ. "ಅಣ್ಣಾ, ಇದನ್ನು ಪಳಗಿಸುವುದಕ್ಕೆ ಯಾರ ಕೈಗೆ ಕೊಡೋಣ, ಹೇಳಿ" ಎಂದು ಅವರು ನನ್ನನ್ನು ಕೇಳಿದರು. ಒಂದು ಹೆಸರನ್ನು ಹೇಳಿ ಕೈ ತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ಹೆಸರು ಹೇಳುವುದಕ್ಕಿಂತ ನೋಡುವ ಬಗೆಯನ್ನು ಹೇಳುವುದು ಮೇಲೆಂದು ನನಗೆ ತೋರಿತು. ಅದನ್ನು ಎಲ್ಲರ ಎದುರಿನಲ್ಲಿಯೇ ಹೇಳಬೇಕೆಂದು ಇಲ್ಲಿ ನಿಂತಿದ್ದೇನೆ.

ಈ ವಿಷಯದಲ್ಲಿ ಮಾತನಾಡಲು ನನಗಿರುವ ಅಧಿಕಾರ ಪಂಡಿತನದಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದನ್ನು ಹಿರಿಯರು ಬಲ್ಲಿರಿ. ಜಿಲ್ಲಾ ಕಚೇರಿಯ ಕೆಲಸಕ್ಕೆ ಅಲ್ಲಿನ ಕನ್ನಡಿಗರು ಘಟ್ಟವಿಳಿದು ಇಲ್ಲಿಗೆ ಬರಬೇಕಾಗಿತ್ತು. ಹಾಗೆ ಬಂದವರಲ್ಲಿ ನನ್ನ ತಾತನವರೂ ಒಬ್ಬರು. ಬಂದವರು ಇಲ್ಲಿಯೇ ನಿಂತು, ಜಟಕಾ ಬಂಡಿ ಹೊಡೆದು ಸಂಸಾರ ಸಾಗಿಸಿದರು. ಅಕ್ಷರ ಕಲಿತವರಲ್ಲ, ಕುದುರೆಯನ್ನು ಮಾತ್ರ ಚೆನ್ನಾಗಿ ಓದಬಲ್ಲವರಾಗಿದ್ದರು. "ಕುದುರೆಯ ಬಾಯಿ ನೋಡಿ ಅದರ ವಯಸ್ಸು ಹೇಳಬಹುದು, ಅದೇ ಬಾಯಿ ನೋಡಿ ಅದರ ಒಡೆಯನ ಗುಣವನ್ನೂ ಹೇಳಬಹುದು" ಎಂದು ಅವರು ಹೇಳುತ್ತಿದ್ದರು. ಈ ಮಾತಿನ ಎರಡನೆಯ ಅರ್ಧವನ್ನು ನಾನು ತಡವಾಗಿ ಕಲಿತೆ. ಅದನ್ನು ಮುಂದೆ ಹೇಳುತ್ತೇನೆ.

ಪುಟ್ಟ ಕುದುರೆ ಎಂದರೆ ಯಾವುದು? ಅಮೆರಿಕದಲ್ಲಿ ಇವುಗಳಿಗಾಗಿಯೇ ವಂಶಾವಳಿಯನ್ನು ಬರೆದಿಡುವ ಸಂಘಗಳಿವೆ. 1978ರಲ್ಲಿ ಸ್ಥಾಪಿತವಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ನಿನ ನಿಯಮದಂತೆ, ಜೂಲಿನ ಕೊನೆಯ ಕೂದಲಿರುವ ಸ್ಥಳದಲ್ಲಿ ಅಳೆದಾಗ ಕುದುರೆಯ ಎತ್ತರ 34 ಅಂಗುಲವನ್ನು, ಅಂದರೆ ಸುಮಾರು 86 ಸೆಂಟಿಮೀಟರನ್ನು ಮೀರಕೂಡದು. ಅರ್ಜೆಂಟೀನ ದೇಶದ ಫಲಬೆಲ್ಲಾ ಎಂಬ ತಳಿಯೂ ಇಂಥದೇ. ಪ್ರದರ್ಶನದಲ್ಲಿ ಇವುಗಳ ಮೇಲೆ ಪಳಗಿದ ಸವಾರರು ಕೂರುವುದಿಲ್ಲ. ಮೈಕಟ್ಟನ್ನು ಪರೀಕ್ಷಿಸುವುದಕ್ಕೆ ನಿಲ್ಲಿಸುತ್ತಾರೆ. ಹಗುರವಾದ ಗಾಡಿಗೆ ಹೂಡುತ್ತಾರೆ. ಹಗ್ಗ ಹಿಡಿದು ಪಕ್ಕದಲ್ಲಿ ಓಡುತ್ತ ತಡೆಗಳನ್ನು ಹಾರಿಸುತ್ತಾರೆ. ಆದ್ದರಿಂದ ಪಳಗಿಸುವವನು ಕುದುರೆಯ ಬೆನ್ನಿನ ಮೇಲಲ್ಲ, ಅದರ ಪಕ್ಕದಲ್ಲಿ ನೆಲದ ಮೇಲೆ ನಿಂತು ಕಲಿಸಬೇಕು. ದೊಡ್ಡ ಕುದುರೆಯನ್ನೇರಿ ಹೆಸರು ಗಳಿಸಿದ ಸವಾರನೆಲ್ಲ ಈ ಕೆಲಸವನ್ನು ಬಲ್ಲನೆಂದು ಹೇಳುವಂತಿಲ್ಲ. ಈ ಒಂದು ಅಂಶವನ್ನು ಮರೆತು ಮೋಸ ಹೋದವರು ಅನೇಕರು.

ನಮ್ಮ ಸೀಮೆಯಲ್ಲಿ ಇದಕ್ಕೆ ಹತ್ತಿರವಾದುದು ತಟ್ಟು. ಈರೋಡು ಜಿಲ್ಲೆಯ ಅಂದಿಯೂರಿನಲ್ಲಿ ಗುರುನಾಥಸ್ವಾಮಿಯ ಜಾತ್ರೆ ಆಡಿ ತಿಂಗಳಲ್ಲಿ ನಡೆಯುತ್ತದೆ. ಅಲ್ಲಿಗೆ ಮಾರವಾಡಿ, ಕಾಠೇವಾಡಿ ಕುದುರೆಗಳೂ ಬರುತ್ತವೆ, ಗಿಡ್ಡ ತಟ್ಟುಗಳೂ ಬರುತ್ತವೆ. ತಮಟೆಯ ಸದ್ದಿಗೆ ಹೆಜ್ಜೆಯಿಕ್ಕುವ ಕುದುರೆಗಳ ಸುತ್ತ ಜನ ಕಿಕ್ಕಿರಿದು ನಿಲ್ಲುತ್ತಾರೆ. ಅದೇ ಜಾತ್ರೆಗೆ ಬರಗೂರು ಬೆಟ್ಟದಿಂದ ಕೆಂದು ಮೈಯ ಮೇಲೆ ಬಿಳಿಯ ಮಚ್ಚೆಯುಳ್ಳ ದನಗಳು ಇಳಿದು ಬರುತ್ತವೆ. ಅವನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದವರು ಆ ಬೆಟ್ಟದ ಕನ್ನಡ ಮಾತನಾಡುವ ಲಿಂಗಾಯತರು. ಕಾಂಗೇಯದ ಎತ್ತುಗಳನ್ನು ಸಾಕುವ ತಮಿಳು ರೈತರೂ ಬರಗೂರಿನ ಕನ್ನಡಿಗರೂ ಒಂದೇ ಮರದ ನೆರಳಿನಲ್ಲಿ ವ್ಯಾಪಾರಕ್ಕೆ ಕೂರುವುದನ್ನು ನೋಡುವುದೇ ಒಂದು ಸೊಗಸು. ಪಶುವನ್ನು ಬಲ್ಲವರ ನಡುವೆ ಭಾಷೆಯ ಗಡಿ ಬಹಳ ತೆಳುವಾದುದು.

ಕನ್ನಡಿಗರಿಗೆ ಅಶ್ವವಿದ್ಯೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಯ ಲಕ್ಷಣಗಳೂ ಕುದುರೆಯೇರಿ ಆಡುವ ಚೆಂಡಾಟವೂ ವಿಸ್ತಾರವಾಗಿ ವರ್ಣಿತವಾಗಿವೆ. ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ದಳವೂ ಒಂದು. ಮೈಸೂರಿನ ಅಶ್ವಾರೋಹಿ ಪೋಲೀಸರು ಇಂದಿಗೂ ದಸರೆಯ ಜಂಬೂ ಸವಾರಿಯಲ್ಲಿ ಸಾಗುತ್ತಾರೆ. ಲಕ್ಷಾಂತರ ಜನರ ಕೂಗಿನ ನಡುವೆ, ವಾದ್ಯಗಳ ಅಬ್ಬರದ ನಡುವೆ, ಆ ಕುದುರೆಗಳು ಕಿವಿಯನ್ನು ಮುಂದಕ್ಕೆ ಮಾಡಿ ನೆಮ್ಮದಿಯಿಂದ ನಡೆಯುವುದನ್ನು ಗಮನಿಸಿರಿ. ಅದು ತಿಂಗಳುಗಟ್ಟಲೆಯ ತಾಳ್ಮೆಯ ಫಲ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ನಾನೂ ಒಂದು ಗಂಡು ತಟ್ಟನ್ನು ಸಾಕಿದ್ದೆ. ಕಂದು ಬಣ್ಣ, ಹಣೆಯಲ್ಲಿ ಬಿಳಿಯ ಬೊಟ್ಟು. ಮಕ್ಕಳು ಅದರ ಹೊಟ್ಟೆಯ ಕೆಳಗೆ ನುಸುಳಿ ಆಡಿದರೂ ಕಾಲು ಕದಲಿಸದಂಥ ಸಾಧು ಪ್ರಾಣಿ. ಒಂದು ಜಾತ್ರೆಯಲ್ಲಿ ಒಬ್ಬ ಪಳಗಿಸುವವನನ್ನು ಕಂಡೆ. ಅವನ ಕುದುರೆಗೆ ಬೆಳ್ಳಿಯ ಗೆಜ್ಜೆ, ಜರಿಯ ಗವಸು. ಅವನ ಕೊರಳಲ್ಲಿ ಪದಕಗಳು, ಬಾಯಲ್ಲಿ ದೊಡ್ಡವರ ಹೆಸರುಗಳು. ಆರು ವಾರ ಬಿಟ್ಟುಹೋದರೆ ಕುಣಿಯುವ ಕುದುರೆಯನ್ನು ಕೈಗೆ ಕೊಡುತ್ತೇನೆಂದ. ನಾನು ಅವನ ಲಾಯವನ್ನು ನೋಡಲಿಲ್ಲ. ಏನು ಕಲಿಸುವೆ, ಹೇಗೆ ಕಲಿಸುವೆ ಎಂದು ಕೇಳಲಿಲ್ಲ. ನಡುವೆ ಒಂದು ದಿನವೂ ಹೋಗಿ ನೋಡಲಿಲ್ಲ. ದುಡ್ಡು ಎಣಿಸಿ ಕೊಟ್ಟು ಬಂದುಬಿಟ್ಟೆ.

ಆರು ವಾರಗಳಾದ ಮೇಲೆ ಕುದುರೆ ಬಂದಿತು. ಕುಣಿಯುತ್ತಲೂ ಇತ್ತು. ತಮಟೆಯ ಮೊದಲ ಪೆಟ್ಟಿಗೆ ಮುಂಗಾಲುಗಳನ್ನು ಎತ್ತಿ ಎತ್ತಿ ಇಡುತ್ತಿತ್ತು. ಬೀದಿಯ ಜನ ಚಪ್ಪಾಳೆ ತಟ್ಟಿದರು. ಅಂದು ಸಂಜೆ ಕಡಿವಾಣ ಬಿಚ್ಚಲು ತಲೆಯ ಬಳಿಗೆ ಕೈ ತಂದೆ. ಅದು ಥಟ್ಟನೆ ತಲೆಯನ್ನು ಮೇಲಕ್ಕೆಸೆದು ಗೋಡೆಗೆ ಒತ್ತಿಕೊಂಡು ನಡುಗತೊಡಗಿತು. ಬಾಯಿ ಬಿಡಿಸಿ ನೋಡಿದರೆ ನಾಲಿಗೆಯ ಮೇಲೆ ಹಳೆಯ ಗಾಯದ ಗೆರೆ. ಮುಂಗಾಲಿನ ಎಲುಬಿನ ಮೇಲೆ ಕೂದಲು ಉದುರಿದ ಪಟ್ಟಿ. ಜನ ಚಪ್ಪಾಳೆ ತಟ್ಟಿದ್ದು ಕುಣಿತಕ್ಕಲ್ಲ, ಅಂಜಿಕೆಗೆ ಎಂದು ನನಗೆ ಆಗ ತಿಳಿಯಿತು. ಮನೆಯ ಮಕ್ಕಳಿಗೆ ಅದರ ಹತ್ತಿರ ಹೋಗಬೇಡಿರೆಂದು ಹೇಳಬೇಕಾಯಿತು. ಪಳಗಿಸಿದವನ ತಪ್ಪು ಅವನದು, ಸರಿ. ಆದರೆ ನಂಬಿದ ಪ್ರಾಣಿಯನ್ನು ನೋಡದೆ ಒಪ್ಪಿಸಿ ಬಂದ ತಪ್ಪು ನನ್ನದೇ. ತಾತನವರ ಮಾತಿನ ಎರಡನೆಯ ಅರ್ಧ ಇದು.

ಇಂಥ ತಪ್ಪು ನಮ್ಮ ತರುಣರಿಂದ ಆಗಬಾರದೆಂದು ನನ್ನ ಆಸೆ. ಆದುದರಿಂದ ಕೆಲವು ಮಾತುಗಳನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಗುರುವನ್ನು ಹುಡುಕುವುದಕ್ಕೆ ಮುಂಚೆ ವಿದ್ಯೆ ಯಾವುದೆಂದು ನಿಶ್ಚಯಿಸಿಕೊಳ್ಳಬೇಕು. ಹಗ್ಗ ಹಿಡಿದಾಗ ಪಕ್ಕದಲ್ಲಿ ನಡೆಯುವುದು, ಹೇಳಿದಲ್ಲಿ ನಿಲ್ಲುವುದು, ನಾಲ್ಕು ಕಾಲುಗಳನ್ನೂ ಕೈಗೆ ಕೊಡುವುದು, ಬಂಡಿಯನ್ನೋ ಲಾರಿಯನ್ನೋ ಅಂಜದೆ ಹತ್ತುವುದು, ಸದ್ದಿಗೆ ಬೆದರದಿರುವುದು — ಇವು ಅಕ್ಷರಾಭ್ಯಾಸ. ಗಾಡಿ ಎಳೆಯುವುದು, ತಡೆ ಹಾರುವುದು, ಹೆಜ್ಜೆ ಹಾಕುವುದು ಆಮೇಲಿನ ಕಾವ್ಯಾಭ್ಯಾಸ. ನಮ್ಮ ಮೆರವಣಿಗೆಗೆ ಬೇಕಾದುದು ಬಹುಮಟ್ಟಿಗೆ ಮೊದಲನೆಯದು. ಅದನ್ನು ಒಬ್ಬ ತಿಳಿದವರ ಮಾರ್ಗದರ್ಶನದಲ್ಲಿ ನಮ್ಮ ಮನೆಯಂಗಳದಲ್ಲಿಯೇ ಕಲಿಸಲು ಸಾಧ್ಯ. "ಇದಕ್ಕೆ ನನ್ನ ಅಗತ್ಯವಿಲ್ಲ, ನೀವೇ ಕಲಿಸಬಹುದು" ಎಂದು ಹೇಳಬಲ್ಲವನು ಸಿಕ್ಕಿದರೆ ಅವನೇ ನಂಬಿಕೆಗೆ ಯೋಗ್ಯನೆಂದು ತಿಳಿಯಿರಿ.

ಎರಡನೆಯದು, ಕುದುರೆಯ ವಯಸ್ಸು ಮತ್ತು ಆರೋಗ್ಯ. ಎರಡೂವರೆ ವರ್ಷಕ್ಕೆ ನಡುವಿನ ಬಾಚಿಹಲ್ಲುಗಳು ಬಿದ್ದು ಹೊಸವು ಬರುತ್ತವೆ. ಮೂರೂವರೆಗೆ ಅವುಗಳ ಪಕ್ಕದವು, ನಾಲ್ಕೂವರೆಗೆ ಅಂಚಿನವು. ಐದಕ್ಕೆ ಬಾಯಿ ತುಂಬುತ್ತದೆ. ಕುದುರೆಯ ಎಲುಬು ಕಾಲಿನ ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಬಲಿಯುತ್ತದೆ. ಬೆನ್ನೆಲುಬು ಪೂರ್ತಿ ಬಲಿಯುವುದು ಐದು ವರ್ಷ ದಾಟಿದ ಮೇಲೆ. ಗಾತ್ರ ಚಿಕ್ಕದಾದ ಮಾತ್ರಕ್ಕೆ ಬೇಗ ಬಲಿಯಿತೆಂದು ಭಾವಿಸಬಾರದು. ಎರಡು ವರ್ಷದ ಮರಿಯನ್ನು ಹಾರಿಸುತ್ತೇನೆ, ಗಾಡಿಗೆ ಹೂಡುತ್ತೇನೆ ಎಂದು ಅವಸರಪಡುವವನಿಂದ ದೂರವಿರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ನಡತೆಗೆ ಸಲ್ಲುತ್ತದೆ, ಎಲುಬಿಗೆ ಸಲ್ಲುವುದಿಲ್ಲ. ಕಳುಹಿಸುವ ಮೊದಲು ಪಶುವೈದ್ಯರಿಂದ ಹಲ್ಲು, ಗೊರಸು, ಹೃದಯ, ಕಣ್ಣುಗಳ ಪರೀಕ್ಷೆಯಾಗಬೇಕು. ಪುಟ್ಟ ಕುದುರೆಯ ದವಡೆಯಲ್ಲಿ ಹಲ್ಲುಗಳು ಇಕ್ಕಟ್ಟಾಗಿರುವುದು ಸಾಮಾನ್ಯ. ಹಲ್ಲುನೋವಿರುವ ಕುದುರೆ ಕಡಿವಾಣವನ್ನು ಒಲ್ಲೆನೆಂದರೆ ಅದು ಹಟವಲ್ಲ, ಸಂಕಟ.

ಮೂರನೆಯದು, ಪಳಗಿಸುವವನ ಲಾಯವನ್ನು ನೋಡುವುದು. ಒಮ್ಮೆ ಹೇಳಿ ಹೋಗಿ, ಇನ್ನೊಮ್ಮೆ ಹೇಳದೆ ಹೋಗಿ. ಗೋಡೆಯ ಮೇಲಿನ ಪದಕಗಳನ್ನು ನೋಡಬೇಡಿ, ಕಟ್ಟಿರುವ ಕುದುರೆಗಳನ್ನು ನೋಡಿ. ಬಾಯಿಯ ಎರಡು ಕಡವಾಯಿಗಳಲ್ಲಿ ಗಾಯವುಂಟೆ? ಮೂಗಿನ ಪಟ್ಟಿಯ ಕೆಳಗೆ ಕೂದಲು ಬೆಳ್ಳಗಾಗಿದೆಯೆ? ಗೊರಸು ಒಡೆದಿದೆಯೆ? ಹಗಲು ಹೊತ್ತಿನಲ್ಲಿ ಕಾಲಿಗೆ ಬಟ್ಟೆ ಸುತ್ತಿದ್ದರೆ ಅದನ್ನು ಬಿಚ್ಚಿ ತೋರಿಸುವನೆ? ನೀರಿನ ತೊಟ್ಟಿಯ ತಳದಲ್ಲಿ ಪಾಚಿ ಇದೆಯೆ? ಎಲ್ಲಕ್ಕಿಂತ ಮುಖ್ಯವಾಗಿ, ಅವನು ಒಳಗೆ ಕಾಲಿಟ್ಟಾಗ ಕುದುರೆಗಳು ಏನು ಮಾಡುತ್ತವೆ? ಕಿವಿ ಮುಂದಾಗಿ ಮೆಲ್ಲನೆ ಕೆನೆದರೆ ಒಂದು ಅರ್ಥ. ಬೆನ್ನು ತಿರುಗಿಸಿ ಮೂಲೆಗೆ ಸರಿದರೆ ಇನ್ನೊಂದು ಅರ್ಥ. ಆ ಸಾಕ್ಷಿಯನ್ನು ಯಾವ ಪ್ರಶಸ್ತಿಪತ್ರವೂ ಅಳಿಸಲಾರದು.

ನಾಲ್ಕನೆಯದು, ಅವನು ಪಾಠ ಹೇಳುವುದನ್ನು ಕಣ್ಣಾರೆ ನೋಡುವುದು. ಪಳಗಿದ ಕುದುರೆಯನ್ನು ಕುಣಿಸಿ ತೋರಿಸಿದರೆ ಸಾಲದು. ಇನ್ನೂ ಪಳಗದ ಮರಿಗೆ ಪಾಠ ಹೇಳುವಾಗ ನೋಡಬೇಕು. ಕುದುರೆಯ ಕಲಿಕೆಯ ಗುಟ್ಟು ಸರಳವಾದುದು. ಹಗ್ಗವನ್ನು ಸ್ವಲ್ಪ ಬಿಗಿಹಿಡಿದಾಗ ಅದು ಒಂದು ಹೆಜ್ಜೆ ಮುಂದಿಟ್ಟರೆ, ಆ ಕ್ಷಣದಲ್ಲಿಯೇ ಹಗ್ಗ ಸಡಿಲಬೇಕು. ಆ ಸಡಿಲವೇ ಅದಕ್ಕೆ "ಭೇಷ್" ಎಂಬ ಮಾತು. ಸಡಿಲಿಸುವುದು ತಡವಾದರೆ ಅದಕ್ಕೆ ಪಾಠ ತಿಳಿಯುವುದಿಲ್ಲ. ಸಡಿಲಿಸದೆ ಹೊಡೆದರೆ ಅಂಜಿಕೆಯೊಂದನ್ನೇ ಕಲಿಯುತ್ತದೆ. ಒಳ್ಳೆಯವನು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಪಾಠವನ್ನು ಮುಗಿಸುತ್ತಾನೆ, ಕುದುರೆಗೆ ಬಲ್ಲ ಕೆಲಸವೊಂದನ್ನು ಕೊನೆಗೆ ಮಾಡಿಸಿ ಮೈ ನೇವರಿಸಿ ಬಿಡುತ್ತಾನೆ. ಅದು ತಪ್ಪಿದಾಗ ಅವನ ದನಿ ಏರುತ್ತದೆಯೊ ಇಲ್ಲವೊ, ಅದನ್ನು ಗುರುತಿಟ್ಟುಕೊಳ್ಳಿ. ಒಡೆಯನು ಎದುರಿಗಿರುವಾಗಲೇ ಕೋಪ ಏರುವವನು ಒಡೆಯನಿಲ್ಲದಾಗ ಏನು ಮಾಡಿಯಾನು?

ಐದನೆಯದು, ನಿತ್ಯವೂ ಕುದುರೆಯ ಮೈ ಮುಟ್ಟುವವರು ಯಾರು ಎಂಬುದು. ಹೆಸರು ಯಜಮಾನನದು, ಕೆಲಸ ಲಾಯದ ಆಳಿನದು ಎಂಬ ಸ್ಥಿತಿ ಅನೇಕ ಕಡೆ ಉಂಟು. ಆ ಆಳನ್ನೂ ಮಾತನಾಡಿಸಿರಿ. ಎಷ್ಟು ಹುರುಳಿ, ಎಷ್ಟು ಹುಲ್ಲು ಎಂದು ಕೇಳಿರಿ. ಕಾಂಗೇಯದ ಸೀಮೆಯಲ್ಲಿ ಮುಳ್ಳುಬೇಲಿ ಕಟ್ಟಿ ಕೊಳುಕಟ್ಟೈ ಹುಲ್ಲು ಬೆಳೆಸಿದ ಕೊರಂಗಾಡು ಎಂಬ ಮೇವಿನ ನೆಲಗಳಿವೆ. ಅಲ್ಲಿ ಮೇದ ಪಶುಗಳ ಕಸುವು ಹೆಸರಾದುದು. ಕುದುರೆಗೂ ಹುಲ್ಲೇ ಪ್ರಧಾನ, ಕಾಳು ಉಪ್ಪಿನಕಾಯಿಯ ಹಾಗೆ. ಪುಟ್ಟ ಕುದುರೆಯಂತೂ ಸ್ವಲ್ಪ ಹೆಚ್ಚಿಗೆ ತಿಂದರೂ ಕೊಬ್ಬುತ್ತದೆ. ಕಾಳು ಹೆಚ್ಚಾದರೆ ಗೊರಸಿನ ಒಳಗೆ ಉರಿ ಹತ್ತಿ ಕುಂಟುತ್ತದೆ. ಹಾಗೆಂದು ಮೈ ಇಳಿಸಲು ಉಪವಾಸ ಕೆಡವಿದರೆ ಕೊಬ್ಬು ರಕ್ತಕ್ಕಿಳಿದು ಪ್ರಾಣಕ್ಕೇ ಕುತ್ತು ಬರುವುದುಂಟು. ಕುದುರೆ ವಾಂತಿ ಮಾಡಲಾರದ ಪ್ರಾಣಿ. ಹೊಟ್ಟೆಶೂಲೆ ಬಂದರೆ ಘಳಿಗೆಗಳಲ್ಲಿ ಸಾಯಬಹುದು. ಅಂಥ ವೇಳೆಯಲ್ಲಿ ಯಾವ ವೈದ್ಯರನ್ನು ಕರೆಸುವಿರಿ ಎಂಬ ಪ್ರಶ್ನೆಗೆ ಥಟ್ಟನೆ ಉತ್ತರ ಬರಬೇಕು. ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯಲ್ಲಿ 2020ರಿಂದ ಪಶುವೈದ್ಯ ಕಾಲೇಜೊಂದು ನಡೆಯುತ್ತಿದೆ; ನಮ್ಮ ಭಾಗಕ್ಕೆ ಅದೊಂದು ಅನುಕೂಲ.

ಹತ್ತಾರು ಕಡೆಯ ಕುದುರೆಗಳು ಸೇರುವ ಲಾಯಕ್ಕೆ ಕಳುಹಿಸುವಾಗ ರೋಗದ ಮಾತನ್ನೂ ಮರೆಯಬಾರದು. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಈಡಾಗುವ ಸಾಕುಪ್ರಾಣಿ ಇನ್ನೊಂದಿಲ್ಲ; ಅದರ ಚುಚ್ಚುಮದ್ದು ಆಗಿರಬೇಕು. ಗ್ಲ್ಯಾಂಡರ್ಸ್ ಎಂಬ ಅಂಟುಜಾಡ್ಯ ಕುದುರೆಯಿಂದ ಮನುಷ್ಯನಿಗೂ ತಗಲುತ್ತದೆ. ಅದು ಖಚಿತವಾದರೆ ಕಾನೂನಿನಂತೆ ಕುದುರೆಯನ್ನು ಕೊಲ್ಲಬೇಕಾಗುತ್ತದೆ. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದಲ್ಲಿ ಇದರ ರಕ್ತಪರೀಕ್ಷೆಗೆ ವ್ಯವಸ್ಥೆಯುಂಟು. "ನಿಮ್ಮ ಕುದುರೆಯ ಪರೀಕ್ಷೆಯ ಪತ್ರವನ್ನು ತನ್ನಿ, ಆಮೇಲೆ ಒಳಗೆ ಬಿಡುತ್ತೇನೆ" ಎಂದು ಪಳಗಿಸುವವನೇ ಹೇಳಿದರೆ ಕೋಪಿಸಿಕೊಳ್ಳಬೇಡಿ. ನಿಮ್ಮ ಕುದುರೆಯನ್ನೂ ಅವನು ಹಾಗೆಯೇ ಕಾಪಾಡುತ್ತಾನೆಂದು ಸಂತೋಷಪಡಿ.

ಆರನೆಯದು, ಕಾನೂನು. ಪ್ರಾಣಿಹಿಂಸಾ ನಿವಾರಣೆಯ ಅಧಿನಿಯಮ 1960ರಲ್ಲಿ ಬಂದಿತು. ಟಿಕೆಟ್ಟಿಟ್ಟು ಜನಕ್ಕೆ ತೋರಿಸುವ ಪ್ರದರ್ಶನಕ್ಕಾಗಿ ಪ್ರಾಣಿಯನ್ನು ಪಳಗಿಸುವವನೂ ಪ್ರದರ್ಶಿಸುವವನೂ ನೋಂದಣಿ ಮಾಡಿಸಿಕೊಂಡಿರಬೇಕೆಂದು ಅದು ವಿಧಿಸುತ್ತದೆ. ಪಳಗಿಸುವುದರಲ್ಲಿ ಅನಾವಶ್ಯಕವಾದ ನೋವು ಉಂಟೆಂದು ಕಂಡರೆ ಅದನ್ನು ತಡೆಯುವ ಅಧಿಕಾರ ನ್ಯಾಯಾಲಯಕ್ಕಿದೆ. 1965ರ ನಿಯಮಗಳು ಮುಳ್ಳುಳ್ಳ ಕಡಿವಾಣವನ್ನು ನಿಷೇಧಿಸಿವೆ. ಹೇರು ಹೊರುವ ತಟ್ಟುವಿಗೆ 70 ಕಿಲೋಗ್ರಾಮಿಗಿಂತ ಹೆಚ್ಚು ಹೇರಕೂಡದೆಂದೂ ಅವು ಹೇಳುತ್ತವೆ. 34 ಅಂಗುಲದ ಕುದುರೆಗಂತೂ ಅಷ್ಟು ಭಾರವೂ ಸಲ್ಲದು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಸಿವು, ನೋವು, ಅಂಜಿಕೆಗಳಿಲ್ಲದೆ ಬದುಕುವ ಸ್ವಾತಂತ್ರ್ಯ ಪ್ರಾಣಿಗಳಿಗೂ ಸಲ್ಲಬೇಕೆಂದು ಎತ್ತಿಹಿಡಿಯಿತು. ಆದ್ದರಿಂದ ಲಾಯಕ್ಕೆ ಹೋದಾಗ ಗೂಟಕ್ಕೆ ತೂಗಹಾಕಿದ ಕಡಿವಾಣಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ಬೆರಳಾಡಿಸಿ ನೋಡಿ. ಮುಳ್ಳು ಕೈಗೆ ತಗುಲಿದರೆ ಮರುಮಾತಾಡದೆ ಹಿಂದಿರುಗಿ.

ಏಳನೆಯದು, ಕರಾರು. ಕುದುರೆಗಳನ್ನು ಕುರಿತು ಗ್ರೀಕ್ ದೇಶದ ಕ್ಸೆನೊಫನ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಒಂದು ಗ್ರಂಥವನ್ನು ಬರೆದ. ತಂದೆಯು ಮಗನನ್ನು ಕಸುಬಿಗೆ ಸೇರಿಸುವಾಗ ಮಾಡುವಂತೆ, ಮರಿಯನ್ನು ಪಳಗಿಸಲು ಕೊಡುವಾಗಲೂ ಅದು ಏನೇನು ಕಲಿತು ಹಿಂದಿರುಗಬೇಕೆಂಬುದನ್ನು ಬರಹದಲ್ಲಿ ಇಡಬೇಕೆಂದು ಅವನ ಅಭಿಪ್ರಾಯ. ಎರಡು ಸಾವಿರದ ಮುನ್ನೂರು ವರ್ಷಗಳಾದರೂ ಅದಕ್ಕಿಂತ ಉತ್ತಮವಾದ ಬುದ್ಧಿಯನ್ನು ಯಾರೂ ಹೇಳಿದಂತಿಲ್ಲ. ನಮ್ಮ ನೇಕಾರರ ಕೇರಿಗಳಲ್ಲಿ ಹುಡುಗನನ್ನು ಮಗ್ಗಕ್ಕೆ ಕೂರಿಸುವಾಗ ಹಿರಿಯರು ಮಾತನ್ನು ಬಿಡಿಸಿ ಆಡುತ್ತಿದ್ದುದೂ ಹೀಗೆಯೇ. ನಮ್ಮ ಪತ್ರದಲ್ಲಿ ಇಷ್ಟಿರಲಿ: ಕಲಿಸಬೇಕಾದ ವಿದ್ಯೆಗಳ ಪಟ್ಟಿ, ಅವಧಿ, ತಿಂಗಳ ಸಂಬಳ, ಮೇವು, ಲಾಳ, ವೈದ್ಯ, ಸಾಗಾಟಗಳ ಖರ್ಚು ಯಾರದೆಂಬುದು, ಒಡೆಯನು ಯಾವಾಗ ಬೇಕಾದರೂ ಬಂದು ನೋಡುವ ಹಕ್ಕು, ಹೊಡೆಯಕೂಡದು, ಮುಳ್ಳುಕಡಿವಾಣ ಕೂಡದು ಎಂಬ ಷರತ್ತು, ನಮ್ಮ ಒಪ್ಪಿಗೆಯಿಲ್ಲದೆ ಬಾಡಿಗೆಗೆ, ಮದುವೆಯ ಮೆರವಣಿಗೆಗೆ ಕಳುಹಿಸಕೂಡದು ಎಂಬುದು, ಅವಧಿಗೆ ಮೊದಲೇ ಕರೆತಂದರೆ ಲೆಕ್ಕ ತೀರಿಸುವ ಬಗೆ. ಇದನ್ನು ಕಂಡು ಮುನಿಯುವವನೊಡನೆ ವ್ಯವಹಾರವೇ ಬೇಡ. ಒಳ್ಳೆಯವನಿಗೆ ಇದರಿಂದ ರಕ್ಷಣೆಯೆ, ಅಪಮಾನವಲ್ಲ.

ಎಂಟನೆಯದೂ ಕೊನೆಯದೂ ಆದ ಮಾತು: ಕುದುರೆ ಕಲಿತರೆ ಸಾಲದು, ಒಡೆಯನೂ ಕಲಿಯಬೇಕು. ಪಳಗಿಸುವವನು ಯಾವ ದನಿಗೆ ನಿಲ್ಲಿಸುತ್ತಾನೆ, ಯಾವ ಕೈಸನ್ನೆಗೆ ನಡೆಸುತ್ತಾನೆ ಎಂಬುದು ನಮಗೆ ಬಾರದಿದ್ದರೆ, ಮನೆಗೆ ಬಂದ ಹದಿನೈದು ದಿನಗಳಲ್ಲಿ ಅದು ಕಲಿತದ್ದೆಲ್ಲ ಕಲಸಿಹೋಗುತ್ತದೆ. ಬೆಂಗಳೂರಿನ ಫೌಆದ್ ಮಿರ್ಜಾ ಅವರ ಹೆಸರನ್ನು ತಾವು ಕೇಳಿರಬಹುದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗಳಿಸಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅಂತಿಮ ಸುತ್ತಿಗೆ ಏರಿದವರು. ಅಂಥವರೂ ಜರ್ಮನಿಗೆ ಹೋಗಿ ಒಬ್ಬ ಗುರುವಿನ ಕೈಕೆಳಗೆ ಶಿಷ್ಯರಾಗಿ ನಿಂತರು. ಕುದುರೆಯೂ ಸವಾರನೂ ಒಂದೇ ಪಾಠವನ್ನು ಕಲಿತಾಗಲೇ ವಿದ್ಯೆ ನಿಲ್ಲುತ್ತದೆ. ಆದುದರಿಂದ ವಾರಕ್ಕೊಮ್ಮೆಯಾದರೂ ಲಾಯಕ್ಕೆ ಹೋಗಿ ಹಗ್ಗವನ್ನು ನಿಮ್ಮ ಕೈಯಲ್ಲಿ ಹಿಡಿಯಿರಿ. ತಾ ಮಾಡಿದ್ದು ಉತ್ತಮ, ಆಳು ಮಾಡಿದ್ದು ಹಾಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನನ್ನ ತಟ್ಟುವಿನ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಅದನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪಲಿಲ್ಲ. ತಾಳವಾಡಿಯ ಕಡೆಯ ಒಬ್ಬ ಹಿರಿಯರಿದ್ದಾರೆಂದು ಯಾರೋ ಹೇಳಿದರು. ಪದಕವಿಲ್ಲ, ಫಲಕವಿಲ್ಲ, ಹೊಲದ ಬದಿಯಲ್ಲಿ ಹುಲ್ಲಿನ ಮಾಡು. ಕುದುರೆಯನ್ನು ಕರೆದೊಯ್ದು ದುಡ್ಡು ಮುಂದಿಟ್ಟೆ. "ಅದನ್ನು ಜೇಬಿನಲ್ಲಿ ಇಡಿ ಸ್ವಾಮಿ. ಮೂರು ದಿನ ಇದರ ಜೊತೆ ಇದ್ದು ನೋಡುತ್ತೇನೆ. ನನ್ನ ಕೈಯಲ್ಲಿ ಆಗುವುದಾದರೆ ಹೇಳುತ್ತೇನೆ, ಆಗದಿದ್ದರೆ ಅದನ್ನೂ ಹೇಳುತ್ತೇನೆ" ಎಂದರು. ಮೂರು ದಿನವೂ ಅವರು ಏನನ್ನೂ ಕಲಿಸಲಿಲ್ಲ. ಮಾಡಿನ ಬಾಗಿಲಲ್ಲಿ ಕುಳಿತು, ತಮ್ಮಷ್ಟಕ್ಕೆ ಕಣ್ಣಿ ಹೊಸೆಯುತ್ತಿದ್ದರು. ಮೂರನೆಯ ದಿನ ಸಂಜೆ ಕುದುರೆ ತಾನಾಗಿ ಬಂದು ಅವರ ಹೆಗಲ ಮೇಲಿನ ವಸ್ತ್ರವನ್ನು ಮೂಸಿತು. ಅವರು ತಿರುಗಿ ನೋಡಲಿಲ್ಲ. "ಇನ್ನು ಆಗುತ್ತದೆ, ಆದರೆ ಒಂದು ವರ್ಷ ಬೇಕು" ಎಂದರು ಅಷ್ಟೆ.

ಒಂದು ವರ್ಷವೇ ಹಿಡಿಯಿತು. ಪ್ರತಿ ಭಾನುವಾರ ನಾನು ಘಟ್ಟ ಹತ್ತಿ ಹೋಗಿ ಅವರಿಂದ ಪಾಠ ಹೇಳಿಸಿಕೊಂಡೆ. ಕುದುರೆಗಿಂತ ನಾನೇ ಮಂದಮತಿಯಾಗಿದ್ದೆನೆಂದು ಒಪ್ಪಿಕೊಳ್ಳಬೇಕು. ಅದು ಮತ್ತೆ ಕುಣಿಯಲಿಲ್ಲ. ಕುಣಿಸಬೇಕೆಂದು ನಾವಿಬ್ಬರೂ ಬಯಸಲೂ ಇಲ್ಲ. ಆದರೆ ತಮಟೆ ಬಾರಿಸಿದರೆ ಕಿವಿ ಮುಂದೆ ಮಾಡಿ ನಿಲ್ಲುವಷ್ಟು ಧೈರ್ಯ ಅದಕ್ಕೆ ಬಂದಿತು. ಮನೆಗೆ ಕರೆತಂದ ದಿನ ನನ್ನ ಕಿರಿಯ ಮಗಳು ಕಡಿವಾಣ ಬಿಚ್ಚಲು ಕೈ ಎತ್ತಿದಾಗ ಅದು ತಲೆಯನ್ನು ತಗ್ಗಿಸಿ ಅವಳ ಕೈಗೆ ಎಟುಕುವಂತೆ ಕೊಟ್ಟಿತು. ನಾನು ಕಂಡ ಪ್ರದರ್ಶನಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದನ್ನು ನೋಡಲು ಅಂದು ಇದ್ದವರು ನಾವು ಮೂವರೇ.

ತರುಣ ಮಿತ್ರರೆ, ನಿಮ್ಮ ಪುಟ್ಟ ಕುದುರೆ ಪ್ರದರ್ಶನದಲ್ಲಿ ಗೆಲ್ಲಲಿ ಎಂದು ನಾನೂ ಹಾರೈಸುತ್ತೇನೆ. ಗೆಲ್ಲದಿದ್ದರೂ ಕೊರತೆಯಿಲ್ಲ. ಅದು ಭುವನೇಶ್ವರಿಯ ಚಿತ್ರದ ಮುಂದೆ ನಡೆಯುವ ದಿನ ನಾನು ಅದರ ಕಾಲನ್ನು ನೋಡುವುದಿಲ್ಲ, ಕಿವಿಯನ್ನೂ ಬಾಯಿಯನ್ನೂ ನೋಡುತ್ತೇನೆ. ಈ ಊರಿನ ತಮಿಳು, ತೆಲುಗು ನೆರೆಹೊರೆಯವರೂ ನೋಡುತ್ತಾರೆ. ಕನ್ನಡಿಗರು ತಮ್ಮ ಹಬ್ಬಕ್ಕೆ ಎಂಥ ಪ್ರಾಣಿಯನ್ನು ತಂದರು ಎಂಬುದಕ್ಕಿಂತ, ಅದನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬುದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ. ಪಳಗಿಸುವವರನ್ನು ನೋಡಲು ಹೊರಡುವ ದಿನ ನನಗೂ ಹೇಳಿ ಕಳುಹಿಸಿ; ಬಂಡಿಯಲ್ಲಿ ಜಾಗವಿದ್ದರೆ ನಾನೂ ಬರುತ್ತೇನೆ. ಮೊದಲು ಹೇಳಿ ಹೋಗೋಣ, ಆಮೇಲೆ ಹೇಳದೆ ಹೋಗೋಣ.